ದುಡ್ಡು ನಮ್ಮದು, ಸಹಿ ಯಾರದು?



ಇಂಥ ಸಮ್ಮೇಳನಗಳ ಮುಖ್ಯ ಭಾಷಣಕ್ಕೆ ಸಾಹಿತಿಗಳನ್ನೋ ವಿಜ್ಞಾನಿಗಳನ್ನೋ ಕರೆಯುವುದು ವಾಡಿಕೆ. ಈ ಸಲ ಒಬ್ಬ ಚಾರ್ಟರ್ಡ್ ಅಕೌಂಟೆಂಟ್‌ನನ್ನು ಕರೆದಿದ್ದೀರಿ. ಸಂಘಟಕರು ಫೋನ್ ಮಾಡಿದಾಗ "ಟ್ಯಾಕ್ಸ್ ಬಗ್ಗೆ ಏನಾದರೂ ಹೇಳಿ ಸಾರ್, ನಮ್ಮ ಜನಕ್ಕೆ ಉಪಯೋಗ ಆಗುತ್ತೆ" ಎಂದಿದ್ದರು. ಟ್ಯಾಕ್ಸ್ ಬಗ್ಗೆಯೇ ಮಾತಾಡುತ್ತೇನೆ. ಆದರೆ ಉಳಿಸುವ ಟ್ಯಾಕ್ಸ್ ಬಗ್ಗೆ ಅಲ್ಲ, ಕಟ್ಟಿದ ಟ್ಯಾಕ್ಸಿನಲ್ಲಿ ಒಂದು ಸಣ್ಣ ಪಾಲು ಹೋಗಿ ಸೇರುವ ಒಂದು ಜಾಗದ ಬಗ್ಗೆ. ವಿಷಯ ಏನೆಂದು ಕೇಳಿದ ನನ್ನ ಹಳೆಯ ಸ್ನೇಹಿತ, "ಬೇಡ ಮಾರಾಯ, ಅರ್ಧ ಸಭೆ ಗ್ರೀನ್ ಕಾರ್ಡಿಗೆ ಕಾಯ್ತಾ ಕೂತಿದೆ, ಅವರಿಗೆ ಯಾಕೆ ಮುಜುಗರ" ಅಂದ. ಅವನ ಆತಂಕ ಸುಳ್ಳಲ್ಲ. ಹತ್ತು ವರ್ಷ ನಾನೂ ಹಾಗೇ ಬಾಯಿ ಮುಚ್ಚಿಕೊಂಡು ಕಾಯ್ದವನೇ. ಆದರೆ ಆ ಹತ್ತು ವರ್ಷವೂ ಟ್ಯಾಕ್ಸ್ ಮಾತ್ರ ತಪ್ಪದೆ ಕಟ್ಟಿದ್ದೇನೆ. ವೋಟಿಲ್ಲದವರ ಟ್ಯಾಕ್ಸೂ ಟ್ಯಾಕ್ಸೇ.

ನಿಮ್ಮಲ್ಲಿ ಬಹುತೇಕರು ಊರಿನಿಂದ ಅಪ್ಪ ಅಮ್ಮ ಬಂದಾಗ ಅವರನ್ನು ವಾಷಿಂಗ್ಟನ್ನಿಗೆ ಕರೆದುಕೊಂಡು ಹೋಗಿರುತ್ತೀರಿ. ಸ್ಮಿತ್ಸೋನಿಯನ್ ಮ್ಯೂಸಿಯಂಗಳ ಮುಂದೆ ನಿಲ್ಲಿಸಿ ಫೋಟೋ ತೆಗೆದಿರುತ್ತೀರಿ. ಅಲ್ಲಿ ಪ್ರವೇಶ ಉಚಿತ ಎಂದಾಗ ನಮ್ಮಪ್ಪ ನಂಬಲಿಲ್ಲ, "ಒಳಗೆ ಹೋದ ಮೇಲೆ ಕೇಳ್ತಾರೆ ನೋಡು" ಅಂದರು. ಆ ಸಂಸ್ಥೆ ಹುಟ್ಟಿದ ಕತೆ ಲೆಕ್ಕಿಗನಾದ ನನಗೆ ಬಹಳ ಇಷ್ಟ. ಜೇಮ್ಸ್ ಸ್ಮಿತ್ಸನ್ ಎಂಬ ಇಂಗ್ಲಿಷ್ ವಿಜ್ಞಾನಿ 1829ರಲ್ಲಿ ಇಟಲಿಯ ಜಿನೋವಾದಲ್ಲಿ ತೀರಿಕೊಂಡ. ಅವನ ಆಸ್ತಿ ಕೊನೆಗೆ ಅಮೆರಿಕಕ್ಕೆ ಬಂತು: ಐದು ಲಕ್ಷ ಡಾಲರಿಗೂ ಸ್ವಲ್ಪ ಹೆಚ್ಚು, ಅದೂ ಚಿನ್ನದ ನಾಣ್ಯಗಳಲ್ಲಿ. ವಿಚಿತ್ರವೆಂದರೆ ಆ ಮನುಷ್ಯ ಬದುಕಿದ್ದಾಗ ಒಮ್ಮೆಯೂ ಅಮೆರಿಕಕ್ಕೆ ಕಾಲಿಟ್ಟವನಲ್ಲ. ಸರ್ಕಾರ ಆ ಹಣವನ್ನು ಹೆಚ್ಚಾಗಿ ಅರ್ಕಾನ್ಸಾ ರಾಜ್ಯದ ಬಾಂಡುಗಳಲ್ಲಿ ಹೂಡಿತು, ಆ ರಾಜ್ಯ ಕೈ ಎತ್ತಿತು. ಹಿಂದೆ ಅಧ್ಯಕ್ಷರಾಗಿದ್ದ ಜಾನ್ ಕ್ವಿನ್ಸಿ ಆಡಮ್ಸ್ ಪಟ್ಟು ಹಿಡಿದು, ನಂಬಿ ಕೊಟ್ಟವನ ದುಡ್ಡನ್ನು ಬಡ್ಡಿ ಸಮೇತ ತುಂಬಿಕೊಡಬೇಕೆಂದು ಕಾಂಗ್ರೆಸ್ಸನ್ನು ಒಪ್ಪಿಸಿದರು. 1846ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. ಅಂದರೆ ಅಮೆರಿಕದ ಇತಿಹಾಸವನ್ನು ಅಮೆರಿಕಕ್ಕೆ ಹೇಳುವ ಸಂಸ್ಥೆಗೆ ಮೊದಲ ಬಂಡವಾಳ ಹಾಕಿದವನು ಒಬ್ಬ ಹೊರಗಿನವನು.

ಇವತ್ತು ಅದರ ಖರ್ಚಿನಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಕೇಂದ್ರ ಸರ್ಕಾರದಿಂದ ಬರುತ್ತದೆ, ವರ್ಷಕ್ಕೆ ಸುಮಾರು 100 ಕೋಟಿ ಡಾಲರ್. ಈ ದೇಶದಲ್ಲಿ ವ್ಯಕ್ತಿಗಳು ಸಲ್ಲಿಸುವ ಟ್ಯಾಕ್ಸ್ ರಿಟರ್ನ್‌ಗಳು ಸುಮಾರು 16 ಕೋಟಿ. ಭಾಗಿಸಿ ನೋಡಿ, ಒಂದು ರಿಟರ್ನಿಗೆ ಆರು ಡಾಲರ್ ಚಿಲ್ಲರೆ. ಆ ದುಡ್ಡಿಗೆ ಇಲ್ಲಿ ಒಂದು ಮಸಾಲೆ ದೋಸೆಯೂ ಬರುವುದಿಲ್ಲ. ಆದರೂ ಈ ಆರು ಡಾಲರ್ ಮೇಲೆ ದೇಶವೇ ಜಗಳವಾಡುತ್ತಿದೆ.

ಜಗಳದ ಹಿನ್ನೆಲೆ ನಿಮಗೆ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. 2025ರ ಮಾರ್ಚ್ 27ರಂದು ಅಧ್ಯಕ್ಷ ಟ್ರಂಪ್ ಒಂದು ಕಾರ್ಯಾದೇಶಕ್ಕೆ ಸಹಿ ಹಾಕಿದರು. ಸ್ಮಿತ್ಸೋನಿಯನ್ ಜನಾಂಗವನ್ನೇ ಕೇಂದ್ರವಾಗಿಟ್ಟುಕೊಂಡು ದೇಶವನ್ನು ಒಡೆಯುವ ವಿಚಾರಗಳಿಗೆ ಒಳಗಾಗಿದೆ, ಅದನ್ನು ಸರಿಪಡಿಸಬೇಕು ಎಂಬುದು ಅದರ ಸಾರ. ಆಗಸ್ಟ್‌ನಲ್ಲಿ ಶ್ವೇತಭವನ ಎಂಟು ಮ್ಯೂಸಿಯಂಗಳ ಫಲಕಗಳು, ಬರಹಗಳು, ಮುಂದಿನ ಪ್ರದರ್ಶನಗಳ ಯೋಜನೆ ಎಲ್ಲವನ್ನೂ ಪರಿಶೀಲನೆಗೆ ಕೇಳಿತು. 120 ದಿನಗಳೊಳಗೆ ಒಡಕು ಹುಟ್ಟಿಸುವ ಮಾತುಗಳನ್ನು ಬದಲಿಸಲು ಶುರುಮಾಡಬೇಕು ಎಂದಿತು. ಅದಾದ ಒಂದು ವಾರದಲ್ಲೇ, ಮ್ಯೂಸಿಯಂಗಳು ಗುಲಾಮಗಿರಿ ಎಷ್ಟು ಕೆಟ್ಟದ್ದಾಗಿತ್ತು ಎಂಬುದನ್ನೇ ಹೇಳುತ್ತಿರುತ್ತವೆ ಎಂದು ಅಧ್ಯಕ್ಷರು ಆಕ್ಷೇಪಿಸಿದರು. ಇನ್ನೊಂದು ಕಡೆ ಇತಿಹಾಸಕಾರರ ಸಂಘಗಳು, ಇದು ಸೆನ್ಸಾರ್ ಎಂದವು.

ಈ ಜಗಳದಲ್ಲಿ ನನಗೆ ಪರಿಚಿತವಾದ ಒಂದು ವಾಕ್ಯ ಕೇಳಿಸುತ್ತದೆ. ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಿದ್ದ ದಿನಗಳು. ಒಂದು ಕಾರ್ಖಾನೆಯ ಆಡಿಟ್. ಕೆಲಸದಿಂದ ತೆಗೆದ ಕಾರ್ಮಿಕರು ಕೋರ್ಟಿಗೆ ಹೋಗಿದ್ದರು, ಸೋತರೆ ಕಂಪನಿ ದೊಡ್ಡ ಮೊತ್ತ ಕೊಡಬೇಕಾಗುತ್ತಿತ್ತು. ಅದನ್ನು ಲೆಕ್ಕಪತ್ರದ ಟಿಪ್ಪಣಿಯಲ್ಲಿ ಹೇಳಲೇಬೇಕು. ಮಾಲೀಕರು ಕಾಫಿ ತರಿಸಿ ನಮ್ಮ ಪ್ರಿನ್ಸಿಪಾಲರಿಗೆ ಬಹಳ ವಿನಯದಿಂದಲೇ ಹೇಳಿದರು: "ಸಾರ್, ಫೀಸು ಕೊಡೋರು ನಾವು. ಬ್ಯಾಂಕಿನವರು ಓದೋ ಪುಸ್ತಕದಲ್ಲಿ ನಮ್ಮ ಮನೆ ಜಗಳ ಯಾಕೆ?" ನಮ್ಮ ಪ್ರಿನ್ಸಿಪಾಲರು ಕಾಫಿ ಮುಗಿಸಿ ಹೇಳಿದ್ದು ಇಷ್ಟೇ: "ಫೀಸು ನಿಮ್ಮದು, ಸಹಿ ನನ್ನದು." ಟಿಪ್ಪಣಿ ಉಳಿಯಿತು. ಮರುವರ್ಷ ಆಡಿಟ್ ನಮ್ಮ ಕೈ ಬಿಟ್ಟುಹೋಯಿತು. ಅದನ್ನೂ ಹೇಳಬೇಕಲ್ಲ. ಆ ತಿಂಗಳು ನಮ್ಮ ಸ್ಟೈಪೆಂಡು ತಡವಾಗಿ ಬಂತು.

ಈ ಹೋಲಿಕೆ ಪೂರ್ತಿ ಹೊಂದುವುದಿಲ್ಲ ಎಂದು ನನಗೂ ಗೊತ್ತು. ಇತಿಹಾಸಕ್ಕೆ ಅಕೌಂಟಿಂಗ್ ಸ್ಟ್ಯಾಂಡರ್ಡ್ ಇಲ್ಲ. ಎರಡು ಕಡೆ ಕೂಡಿ ಸರಿಹೊಂದುವ ತಃಖ್ತೆ ಅದಲ್ಲ. ಹಾಗೆಯೇ ದುಡ್ಡು ಕೊಡುವವರಿಗೆ ಪ್ರಶ್ನೆ ಕೇಳುವ ಹಕ್ಕೇ ಇಲ್ಲ ಎಂದೂ ನಾನು ಹೇಳಲಾರೆ. ಸ್ಮಿತ್ಸೋನಿಯನ್ನಿನ ಆಡಳಿತ ಮಂಡಳಿಯಲ್ಲಿ 17 ಜನ: ಮುಖ್ಯ ನ್ಯಾಯಮೂರ್ತಿ, ಉಪಾಧ್ಯಕ್ಷರು, ಮೂವರು ಸೆನೆಟರುಗಳು, ಕೆಳಮನೆಯ ಮೂವರು, ಒಂಬತ್ತು ಮಂದಿ ನಾಗರಿಕರು. ಮೂರು ಅಂಗಗಳಿಂದಲೂ ಜನರನ್ನು ಕೂರಿಸಿದ್ದು ಯಾವ ಒಂದು ಅಂಗವೂ ಪೆನ್ನು ಕಿತ್ತುಕೊಳ್ಳದಿರಲಿ ಎಂದೇ ಇರಬೇಕು ಎಂದು ನನಗೆ ಅನಿಸುತ್ತದೆ. ಬಜೆಟ್ ಎಷ್ಟು, ಛಾವಣಿ ಸೋರುತ್ತಿದೆಯೇ, ಖರೀದಿಗೆ ಟೆಂಡರ್ ಕರೆದರೇ, ಇದೆಲ್ಲ ಕೇಳಬೇಕಾದ್ದೇ. ಫಲಕದ ಮೇಲಿನ ಮೂರನೇ ಸಾಲನ್ನು ಯಾರು ಬರೆಯಬೇಕು ಎಂಬುದು ಬೇರೆ ಪ್ರಶ್ನೆ.

ಈಗ ನಾನು ಕಣ್ಣಾರೆ ಕಂಡದ್ದು. ಆಫ್ರಿಕನ್ ಅಮೆರಿಕನ್ ಇತಿಹಾಸದ ಮ್ಯೂಸಿಯಂ 2016ರ ಸೆಪ್ಟೆಂಬರ್‌ನಲ್ಲಿ ತೆರೆಯಿತು. ಅದರ ಕಾನೂನಿಗೆ 2003ರಲ್ಲಿ ಸಹಿ ಹಾಕಿದ್ದು ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಬುಷ್. ಕಟ್ಟಡದ ಖರ್ಚು 54 ಕೋಟಿ ಡಾಲರ್, ಅರ್ಧ ಸರ್ಕಾರದ್ದು, ಅರ್ಧ ದಾನಿಗಳದ್ದು. ಮಗಳ ಬೇಸಿಗೆ ರಜೆಯಲ್ಲಿ ನಾವು ಹೋದೆವು. ಅಲ್ಲಿ ಲಿಫ್ಟಿನಲ್ಲಿ ನೆಲದಡಿಗೆ ಇಳಿಯಬೇಕು. ಇಳಿಯುತ್ತಿದ್ದಂತೆ ಗೋಡೆಯ ಮೇಲೆ ಇಸವಿಗಳು ಹಿಂದಕ್ಕೆ ಓಡುತ್ತವೆ. ಕೆಳಗೆ ತಗ್ಗು ಚಾವಣಿ, ಮಂದ ಬೆಳಕು. ದಕ್ಷಿಣ ಕೆರೊಲಿನಾದ ಎಡಿಸ್ಟೊ ದ್ವೀಪದಿಂದ ಬಿಚ್ಚಿ ತಂದು ಮತ್ತೆ ಜೋಡಿಸಿದ ಗುಲಾಮರ ಮರದ ಗುಡಿಸಲು ಇದೆ. ಕರಿಯರನ್ನೂ ಬಿಳಿಯರನ್ನೂ ಬೇರೆ ಕೂರಿಸುತ್ತಿದ್ದ ರೈಲಿನ ಬೋಗಿ ಇದೆ. ಥಾಮಸ್ ಜೆಫರ್ಸನ್ನರ ಪ್ರತಿಮೆಯ ಹಿಂದೆ ಇಟ್ಟಿಗೆಗಳ ಗೋಡೆ, ಇಟ್ಟಿಗೆಯ ಮೇಲೆ ಅವರು ಒಡೆತನದಲ್ಲಿ ಇಟ್ಟುಕೊಂಡಿದ್ದವರ ಹೆಸರುಗಳು. ಬದುಕಿನುದ್ದಕ್ಕೂ ಅಂಥವರು 600ಕ್ಕಿಂತ ಹೆಚ್ಚು. ಎಲ್ಲ ಮನುಷ್ಯರೂ ಸಮಾನರು ಎಂದು ಬರೆದ ಅದೇ ಕೈ ಇವರ ಲೆಕ್ಕವನ್ನೂ ತನ್ನ ಫಾರಂ ಪುಸ್ತಕದಲ್ಲಿ ಬರೆದಿಟ್ಟಿತ್ತು.

ಮುಂದೆ ಎಮ್ಮೆಟ್ ಟಿಲ್‌ನ ಶವಪೆಟ್ಟಿಗೆ. 1955ರಲ್ಲಿ ಮಿಸಿಸಿಪಿಯಲ್ಲಿ ಕೊಲೆಯಾದ ಹದಿನಾಲ್ಕರ ಹುಡುಗ. ಮುಖ ಗುರುತೇ ಸಿಗದ ಮಗನ ಪೆಟ್ಟಿಗೆಯನ್ನು ಮುಚ್ಚಬೇಡಿ, ಜಗತ್ತು ನೋಡಲಿ ಎಂದ ತಾಯಿ. ಅಲ್ಲಿ ಫೋಟೋ ತೆಗೆಯುವಂತಿಲ್ಲ. ಮಗಳಿಗೆ ಆಗ ಹದಿನಾಲ್ಕು. ಅವಳು ಏನೂ ಹೇಳಲಿಲ್ಲ, ನನ್ನ ಕೈ ಹಿಡಿದುಕೊಂಡಳು. ಎರಡು ವರ್ಷದಿಂದ ಹಿಡಿಯದೆ ಬಿಟ್ಟಿದ್ದ ಕೈ.

ನನ್ನ ವೃತ್ತಿಯ ಬಗ್ಗೆ ನಾಚಿಕೆ ಹುಟ್ಟಿಸಿದ್ದು ಮಾತ್ರ ಆಮೇಲೆ ಓದಿದ ಒಂದು ಪುಸ್ತಕ. ಕೇಟ್ಲಿನ್ ರೋಸೆಂತಾಲ್ ಎಂಬ ಇತಿಹಾಸಕಾರ್ತಿ 2018ರಲ್ಲಿ ಗುಲಾಮಗಿರಿಯ ಲೆಕ್ಕಪತ್ರಗಳ ಬಗ್ಗೆಯೇ ಬರೆದಿದ್ದಾರೆ. 1840ರ ದಶಕದಲ್ಲಿ ಥಾಮಸ್ ಅಫ್ಲೆಕ್ ಎಂಬುವನು ಹತ್ತಿ ತೋಟದ ಮಾಲೀಕರಿಗೆ ಅಚ್ಚು ಹಾಕಿದ ಲೆಕ್ಕದ ಪುಸ್ತಕ ಮಾರುತ್ತಿದ್ದ. ಯಾರು ಎಷ್ಟು ಪೌಂಡ್ ಹತ್ತಿ ಬಿಡಿಸಿದರು ಎಂಬುದಕ್ಕೆ ದಿನವಹಿ ಕಾಲಂ. ವರ್ಷದ ಕೊನೆಗೆ ಪ್ರತಿಯೊಬ್ಬ ಮನುಷ್ಯನ ಹೆಸರು, ವಯಸ್ಸು, ಬೆಲೆ, ಆ ಬೆಲೆಯಲ್ಲಿ ಆದ ಏರಿಕೆ ಅಥವಾ ಸವಕಳಿ. ಮಕ್ಕಳು ಬೆಳೆದಂತೆ ಬೆಲೆ ಏರುತ್ತದೆ, ಮುದುಕರಾದಂತೆ ಇಳಿಯುತ್ತದೆ. ನಾನು ಯಂತ್ರಗಳಿಗೆ, ಲಾರಿಗಳಿಗೆ ಬರೆದ ಸವಕಳಿ! ಬರೆದವರು ರಾಕ್ಷಸರಲ್ಲ. ಅಚ್ಚುಕಟ್ಟಾದ ಅಕ್ಷರದ, ಕೂಡುವುದು ಕಳೆಯುವುದು ತಪ್ಪದ, ನನ್ನಂಥ ಗುಮಾಸ್ತರು. ಲೆಕ್ಕ ಸರಿಯಾಗಿತ್ತು, ಪೈಸೆಗೆ ಪೈಸೆ.

ತೆರಿಗೆದಾರರ ದುಡ್ಡಿನ ಮಾತೇ ಬಂತಲ್ಲ, ಅದೇ ವಾಷಿಂಗ್ಟನ್ ನಗರದಲ್ಲಿ 1862ರ ಏಪ್ರಿಲ್‌ನಲ್ಲಿ ಒಂದು ಕಾನೂನು ಬಂತು. ನಗರದ ಸುಮಾರು ಮೂರು ಸಾವಿರ ಗುಲಾಮರು ಬಿಡುಗಡೆಯಾದರು. ಸರ್ಕಾರದ ಖಜಾನೆಯಿಂದ ಪರಿಹಾರ ಕೊಟ್ಟರು, ತಲೆಗೆ 300 ಡಾಲರ್ ವರೆಗೆ. ಯಾರಿಗೆ? ಮಾಲೀಕರಿಗೆ. ಬೆಲೆ ಕಟ್ಟಲು ಬಾಲ್ಟಿಮೋರಿನಿಂದ ಗುಲಾಮರ ವ್ಯಾಪಾರಿಯೊಬ್ಬನನ್ನೇ ಕರೆಸಿದರು, ಈಗ ನಾವು ರಿಜಿಸ್ಟರ್ಡ್ ವ್ಯಾಲ್ಯುಯರ್ ಕರೆಸುವ ಹಾಗೆ. ಬಿಡುಗಡೆಯಾದವರಿಗೂ 100 ಡಾಲರ್ ವರೆಗೆ ಕೊಡಲು ಅವಕಾಶ ಇತ್ತು, ದೇಶ ಬಿಟ್ಟು ಹೋಗುವುದಾದರೆ. ಇಂಗ್ಲೆಂಡಿನ ಕತೆ ಇನ್ನೂ ಉದ್ದ. 1833ರ ಕಾನೂನಿನ ನಂತರ ಮಾಲೀಕರಿಗೆ ಹಂಚಲು ಎತ್ತಿದ 2 ಕೋಟಿ ಪೌಂಡ್ ಸಾಲ ಪೂರ್ತಿ ತೀರಿದ್ದು 2015ರಲ್ಲಿ ಎಂದು ಅಲ್ಲಿಯ ಖಜಾನೆ ಇಲಾಖೆಯೇ 2018ರಲ್ಲಿ ಹೇಳಿತು. ಲಂಡನ್ನಿನಲ್ಲಿ, ಮ್ಯಾಂಚೆಸ್ಟರಿನಲ್ಲಿ ಆಸ್ಪತ್ರೆ, ಸಾಫ್ಟ್‌ವೇರ್ ಅಂತ ದುಡಿದ ನಮ್ಮ ಕನ್ನಡಿಗರ ಸಂಬಳದಿಂದಲೂ ಅದಕ್ಕೆ ನಾಲ್ಕು ಕಾಸು ಹೋಗಿದೆ. "ಇದೆಲ್ಲ ಹಳೇ ಕತೆ, ನಮಗೇನು ಸಂಬಂಧ" ಎಂದು ನಮ್ಮವರು ಹೇಳಿದಾಗ ನನಗೆ ಆ 2015 ನೆನಪಾಗುತ್ತದೆ.

ಇಲ್ಲಿ ಇರುವ ನಮಗೂ ನೇರ ಸಂಬಂಧ ಇದೆ. ಮಾರ್ಚ್ ತಿಂಗಳ ಆ ಆದೇಶ ಒಂದು ಶಿಲ್ಪಕಲಾ ಪ್ರದರ್ಶನವನ್ನು ಹೆಸರಿಸಿ ಬೈದಿತ್ತು. ಅದರ ತಪ್ಪೇನು ಎಂದರೆ, ಜನಾಂಗ ಎನ್ನುವುದು ಜೀವಶಾಸ್ತ್ರದ ಸತ್ಯವಲ್ಲ, ಸಮಾಜ ಕಟ್ಟಿಕೊಂಡ ಕಲ್ಪನೆ ಎಂದದ್ದು. ಸರಿ, ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆ ನೋಡಿ. ಆಗ ಪೌರತ್ವ ಪಡೆಯಲು ಬಿಳಿಯರಾಗಿರಬೇಕು, ಇಲ್ಲವೇ ಆಫ್ರಿಕನ್ ಮೂಲದವರಾಗಿರಬೇಕು. 1922ರ ನವೆಂಬರಿನಲ್ಲಿ ಒಜಾವಾ ಎಂಬ ಜಪಾನಿನವರಿಗೆ ಸುಪ್ರೀಂ ಕೋರ್ಟ್ ಹೇಳಿತು: ಬಿಳಿಯ ಅಂದರೆ ಬಣ್ಣವಲ್ಲ, ಕಕೇಶಿಯನ್ ಜನಾಂಗ, ನೀವು ಅದಲ್ಲ. ಮೂರು ತಿಂಗಳ ಮೇಲೆ, 1923ರ ಫೆಬ್ರುವರಿಯಲ್ಲಿ ಥಿಂಡ್ ಬಂದರು. ಅಂದಿನ ಜನಾಂಗ ಶಾಸ್ತ್ರದ ಪ್ರಕಾರ ನಾನು ಕಕೇಶಿಯನ್ ಎಂದರು. ಕೋರ್ಟು, ಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಮನುಷ್ಯನ ತಿಳುವಳಿಕೆಯಲ್ಲಿ ನೀವು ಬಿಳಿಯರಲ್ಲ ಎಂದಿತು. ಲಾಭ ಬರುವ ಹಾಗೆ ವರ್ಷದ ಮಧ್ಯೆ ಲೆಕ್ಕದ ಪದ್ಧತಿ ಬದಲಿಸಿದರೆ ನಾವು ಅದನ್ನು ಏನೆನ್ನುತ್ತೇವೆ? ಆ ತೀರ್ಪಿನ ನಂತರ ಆಗಲೇ ಪೌರತ್ವ ಪಡೆದಿದ್ದ ಭಾರತೀಯರಿಂದಲೂ ಅದನ್ನು ಕಿತ್ತುಕೊಂಡರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೋ ದಾಸ್ ಬಗಾಯ್ ಪೌರತ್ವ ಕಳೆದುಕೊಂಡರು, ಆಸ್ತಿ ಕಳೆದುಕೊಂಡರು, 1928ರಲ್ಲಿ ಪತ್ರ ಬರೆದಿಟ್ಟು ಪ್ರಾಣ ಬಿಟ್ಟರು. 1946ರಲ್ಲಿ ಬಾಗಿಲು ಚೂರು ತೆರೆಯಿತು, ವರ್ಷಕ್ಕೆ ನೂರು ಜನ. ಪೂರ್ತಿ ತೆರೆದದ್ದು 1965ರಲ್ಲಿ. ಅದರ ಹಿಂದಿನ ವರ್ಷ ನಾಗರಿಕ ಹಕ್ಕುಗಳ ಕಾನೂನು ಬಂದಿತ್ತು. ಅದೇ ಹೋರಾಟದ ಗಾಳಿಯಲ್ಲಿ ನಮ್ಮ ಬಾಗಿಲೂ ತೆರೆದುಕೊಂಡಿತು. ಎಮ್ಮೆಟ್ ಟಿಲ್‌ನ ತಾಯಿ ಆ ಪೆಟ್ಟಿಗೆ ಮುಚ್ಚಿಬಿಟ್ಟಿದ್ದರೆ ಈ ಸಭಾಂಗಣದಲ್ಲಿ ಎಷ್ಟು ಜನ ಇರುತ್ತಿದ್ದೆವೋ ನಾನು ಹೇಳಲಾರೆ.

2014ರಲ್ಲಿ ಸ್ಮಿತ್ಸೋನಿಯನ್ ಭಾರತೀಯ ಅಮೆರಿಕನ್ನರ ಬಗ್ಗೆಯೇ ಒಂದು ಪ್ರದರ್ಶನ ಏರ್ಪಡಿಸಿತು, ಬಾಲಿವುಡ್ಡಿನಾಚೆ ಎಂಬ ಅರ್ಥದ ಹೆಸರಿನಲ್ಲಿ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎಷ್ಟು ಖುಷಿ! ಗುರುತಿನ ರಾಜಕಾರಣ ಎಂದು ಅವತ್ತು ನಮ್ಮಲ್ಲಿ ಯಾರೂ ಮೂಗು ಮುರಿಯಲಿಲ್ಲ.

ಹಾಗಂತ ಮ್ಯೂಸಿಯಂನವರು ಮಾಡಿದ್ದೆಲ್ಲ ಸರಿ ಎಂದು ನಾನು ಪ್ರಮಾಣಪತ್ರ ಕೊಡುತ್ತಿಲ್ಲ. 2020ರಲ್ಲಿ ನಾನು ಹೇಳಿದ ಅದೇ ಮ್ಯೂಸಿಯಂ ತನ್ನ ಜಾಲತಾಣದಲ್ಲಿ ಬಿಳಿಯರ ಸಂಸ್ಕೃತಿಯ ಲಕ್ಷಣಗಳು ಎಂದು ಒಂದು ಪಟ್ಟಿ ಹಾಕಿತ್ತು. ಅದರಲ್ಲಿ ಕಷ್ಟಪಟ್ಟು ದುಡಿಯುವುದು, ಸಮಯಪಾಲನೆ, ತರ್ಕಬದ್ಧ ಯೋಚನೆ, ನಾಳೆಗಾಗಿ ಇವತ್ತಿನ ಸುಖ ಬಿಡುವುದು ಎಲ್ಲ ಇದ್ದವು. ನಮ್ಮಮ್ಮ ನಲವತ್ತು ವರ್ಷ ಬೆಳಿಗ್ಗೆ ನಾಲ್ಕೂವರೆಗೆ ಎದ್ದವರು, ಸಾಸಿವೆ ಡಬ್ಬಿಯಲ್ಲಿ ದುಡ್ಡು ಕೂಡಿಸಿ ನನ್ನ ಫೌಂಡೇಶನ್ ಕೋರ್ಸಿಗೆ ಫೀಸು ಕಟ್ಟಿದವರು. ಅವರಿಗೆ ಹೋಗಿ ಇದು ಬಿಳಿಯರ ಸಂಸ್ಕೃತಿ ಅಂದರೆ ಏನನ್ನುತ್ತಾರೆ? ಕರಿಯರಿಗೂ ಅದು ಅವಮಾನವೇ. ಆ ಗುಡಿಸಲಿನಲ್ಲಿದ್ದವರಿಗಿಂತ ಕಷ್ಟಪಟ್ಟು ದುಡಿದವರು ಯಾರು? ಟೀಕೆ ಬಂತು, ಮ್ಯೂಸಿಯಂ ಪಟ್ಟಿಯನ್ನು ತೆಗೆಯಿತು. ಆಗಬೇಕಾದ್ದು ಅದೇ. ತಪ್ಪನ್ನು ಜನ ತೋರಿಸಿದರು, ಬರೆದವರು ತಿದ್ದಿದರು. ಪೆನ್ನು ಕೈ ಬದಲಾಗಲಿಲ್ಲ.

ಕೈ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಎನೋಲಾ ಗೇ ಉದಾಹರಣೆ ಸಾಕು. ಹಿರೋಶಿಮಾದ ಮೇಲೆ ಬಾಂಬ್ ಹಾಕಿದ ವಿಮಾನವನ್ನು ಐವತ್ತನೇ ವರ್ಷಕ್ಕೆ ಪ್ರದರ್ಶಿಸಲು ಹೊರಟಾಗ ಹಳೆಯ ಸೈನಿಕರು ಸಿಟ್ಟಾದರು. ಅವರ ನೋವು ನಿಜವಾದದ್ದೇ, ಟ್ಯಾಕ್ಸ್ ಮಾತ್ರವಲ್ಲ, ರಕ್ತವನ್ನೂ ಕೊಟ್ಟವರು. 1995ರ ಜನವರಿಯಲ್ಲಿ ಯೋಜನೆ ರದ್ದಾಯಿತು, ಮೇ ತಿಂಗಳಲ್ಲಿ ನಿರ್ದೇಶಕ ಮಾರ್ಟಿನ್ ಹಾರ್ವಿಟ್ ರಾಜೀನಾಮೆ ಕೊಟ್ಟರು. ಉಳಿದದ್ದು ಹೊಳೆಯುವ ವಿಮಾನದ ತುಂಡು ಮತ್ತು ನಾಲ್ಕು ಸಾಲು. ಅದರ ಸುತ್ತ ನಿಂತ ಮಗುವಿಗೆ ರೆಕ್ಕೆಯ ಉದ್ದ ತಿಳಿಯುತ್ತದೆ, ಬಾಂಬು ಬಿದ್ದ ಊರಿನಲ್ಲಿ ಏನಾಯಿತು ಎಂದು ತಿಳಿಯುವುದಿಲ್ಲ. ಅಂದ ಹಾಗೆ ಆಗ ಇದ್ದದ್ದು ಡೆಮಾಕ್ರಟಿಕ್ ಅಧ್ಯಕ್ಷರು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸ್ವಂತ ಖಾತೆಯನ್ನೂ ತೋರಿಸಬೇಕು. 2016ರಲ್ಲಿ ಕ್ಯಾಲಿಫೋರ್ನಿಯಾದ ಶಾಲಾ ಪಠ್ಯದ ಚೌಕಟ್ಟಿನ ಬಗ್ಗೆ ದೊಡ್ಡ ಗದ್ದಲ ಆಯಿತು. ಅದಕ್ಕೂ ಮೊದಲು 2005ರಲ್ಲೂ ಆಗಿತ್ತು. ಭಾರತ ಎನ್ನಬೇಕೋ ದಕ್ಷಿಣ ಏಷ್ಯಾ ಎನ್ನಬೇಕೋ, ಜಾತಿಯ ಬಗ್ಗೆ ಏನು ಬರೆಯಬೇಕು, ಎಷ್ಟು ಬರೆಯಬೇಕು. ಕೆಲವು ಹಿಂದೂ ಸಂಘಟನೆಗಳು ಬದಲಿಸಿ ಎಂದವು, ದಲಿತ ಸಂಘಟನೆಗಳೂ ಹಲವು ಪ್ರಾಧ್ಯಾಪಕರೂ ಅಳಿಸಬೇಡಿ ಎಂದರು. ಒಂದು ಮನವಿಪತ್ರದ ಲಿಂಕ್ ನನ್ನ ಫೋನಿಗೂ ಬಂತು. ನಮ್ಮ ಮಕ್ಕಳನ್ನು ಕ್ಲಾಸಿನಲ್ಲಿ ಗೇಲಿ ಮಾಡುತ್ತಾರೆ ಎಂದಿತ್ತು. ಮಗಳು ಆಗ ಎರಡನೇ ತರಗತಿ. ಹೊಟ್ಟೆಯಲ್ಲಿ ಏನೋ ಆಯಿತು, ಸಹಿ ಹಾಕಿದೆ. ಬದಲಿಸಬೇಕು ಎಂದದ್ದು ಯಾವ ಸಾಲನ್ನು ಎಂದು ಓದಲಿಲ್ಲ. ಓದದೆ ಸಹಿ ಹಾಕಿದ ಲೆಕ್ಕಪರಿಶೋಧಕ!

ಆ ಮ್ಯೂಸಿಯಂನಿಂದ ಹೊರಗೆ ಬಂದು ಹುಲ್ಲಿನ ಮೇಲೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದಾಗ ಮಗಳು ಕೇಳಿದಳು, "ಅಪ್ಪ, ಬಿಳಿ ಹುಡುಗರು ಇದನ್ನು ನೋಡಿದರೆ ಅವರಿಗೆ ಕೆಟ್ಟದೆನಿಸಲ್ವಾ?" ಅನಿಸಬಹುದು, ಆದರೂ ನೋಡಬೇಕು ಎಂದೆ. ಅವಳು ಬಿಡಲಿಲ್ಲ. "ಹಾಗಾದರೆ ಜಾತಿ ಬಗ್ಗೆ ನಾನು ಓದಿದರೆ ನನಗೆ ಕೆಟ್ಟದೆನಿಸುತ್ತೆ ಅಂತ ನೀನು ಯಾಕೆ ಸಹಿ ಹಾಕಿದೆ?" ಅವಳಿಗೆ ಅದು ಹೇಗೆ ಗೊತ್ತಾಯಿತೋ, ಅವಳ ಅಮ್ಮನೇ ಹೇಳಿರಬೇಕು. ನನ್ನ ಬಳಿ ಉತ್ತರ ಇರಲಿಲ್ಲ. ಊರಿಗೆ ಬಂದ ಮೇಲೆ ಆ ಪುಟಗಳನ್ನು ಹುಡುಕಿ ಓದಿದೆ. ಕೆಲವು ಕಡೆ ಬರಹ ನಿಜಕ್ಕೂ ಒರಟಾಗಿತ್ತು, ತಿದ್ದಬೇಕಾದ್ದೇ ಅನಿಸಿತು. ಜಾತಿಯ ಕುರಿತ ಸಾಲು ಹಾಗಿರಲಿಲ್ಲ. ಅದು ನಮ್ಮಜ್ಜಿಯ ಹಿತ್ತಿಲ ಬಾಗಿಲಲ್ಲಿ ನಾನೇ ಕಂಡ ಸಂಗತಿ, ಮೇಲಿನಿಂದ ನೀರು ಹೊಯ್ಯುತ್ತಿದ್ದ ಸಂಗತಿ. ಅಷ್ಟೇ ಅಲ್ಲಿತ್ತು.

ಕೊನೆಗೆ ಒಂದು ಸಣ್ಣ ವಿಷಯ. ಹಿಂದೆ ಬೇರೆ ಊರಿನಲ್ಲಿದ್ದಾಗ ಅಲ್ಲಿಯ ಕನ್ನಡ ಕೂಟಕ್ಕೆ ನಾನು ಖಜಾಂಚಿ. ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗಾಗಿ ಹಳೆಯ ಕಾಗದಪತ್ರ ತೆಗೆದೆವು. ನಡಾವಳಿ ಪುಸ್ತಕದಲ್ಲಿ ಎಲ್ಲ ವರ್ಷವೂ ಒಂದೇ ರೀತಿ: ಯುಗಾದಿ, ರಾಜ್ಯೋತ್ಸವ, ಪಾಟ್‌ಲಕ್, ವಂದನಾರ್ಪಣೆ. ಆದರೆ ಸದಸ್ಯತ್ವ ಶುಲ್ಕದ ಖಾತೆಯಲ್ಲಿ ಒಂದು ವರ್ಷ ನಾಲ್ಕು ಕುಟುಂಬಗಳ ಹೆಸರು ಇದ್ದಕ್ಕಿದ್ದಂತೆ ನಿಂತುಹೋಗಿವೆ. ಊರು ಬಿಟ್ಟು ಹೋದವರಲ್ಲ, ವಿಚಾರಿಸಿದೆ. ಆ ವರ್ಷ ಪಾಟ್‌ಲಕ್‌ಗೆ ಮಾಂಸದ ಅಡುಗೆ ತರಬಾರದು ಎಂದು ತೀರ್ಮಾನವಾಗಿತ್ತಂತೆ. ತೀರ್ಮಾನದ ಜೊತೆ ಕೆಲವು ಮಾತುಗಳೂ ಆಗಿದ್ದವಂತೆ. ಅದನ್ನು ಸಂಚಿಕೆಯಲ್ಲಿ ಎರಡು ಸಾಲು ಹಾಕೋಣ ಎಂದೆ. "ಹಬ್ಬದ ಸಂಚಿಕೆಯಲ್ಲಿ ಅದೆಲ್ಲ ಯಾಕೆ, ಜಾಹೀರಾತು ಕೊಟ್ಟೋರು ಬೇಜಾರು ಮಾಡ್ಕೋತಾರೆ" ಎಂದರು ಹಿರಿಯರೊಬ್ಬರು, ಒಳ್ಳೆಯ ಮನುಷ್ಯರೇ. ನಾನು ಸುಮ್ಮನಾದೆ. ಸಂಚಿಕೆ ಬಣ್ಣದಲ್ಲಿ ಚೆನ್ನಾಗಿ ಬಂತು.

ಆ ಖಾತೆ ಪುಸ್ತಕ ಈಗಲೂ ನನ್ನ ಮನೆಯ ಕಪಾಟಿನಲ್ಲಿದೆ. ಆ ನಾಲ್ಕು ಮನೆಗಳಲ್ಲಿ ಎರಡರ ಫೋನ್ ನಂಬರ್ ಸಿಕ್ಕಿದೆ. ಒಬ್ಬರಿಗೆ ಕಳೆದ ತಿಂಗಳು ಫೋನ್ ಮಾಡಿದೆ. ಮೊದಲು ಇಂಗ್ಲಿಷಿನಲ್ಲಿ ಮಾತಾಡಿದರು. ಐದು ನಿಮಿಷ ಆದ ಮೇಲೆ ಕನ್ನಡಕ್ಕೆ ಬಂದರು. ಮುಂದಿನ ವಾರ ಅವರ ಮನೆಗೆ ಹೋಗುತ್ತಿದ್ದೇನೆ, ಮಗಳೂ ಬರುತ್ತೇನೆ ಅಂದಿದ್ದಾಳೆ.

ಊಟದ ಹೊತ್ತಾಯಿತು, ಆ ಕಡೆಯಿಂದ ಸನ್ನೆ ಬರುತ್ತಿದೆ. ಪ್ರಶ್ನೆಗಳಿದ್ದರೆ ಈಗ ಕೇಳಿ. ಟ್ಯಾಕ್ಸ್ ಉಳಿಸುವ ಪ್ರಶ್ನೆಗಳನ್ನು ಊಟದ ಸಾಲಿನಲ್ಲಿ ಕೇಳಬಹುದು, ಅದಕ್ಕೂ ಫೀಸಿಲ್ಲ.